ಉಂಡು ಹೋಗಬೇಕಾದ ಸೈನ್ಯಗಳು

೧೯೬೩ರ ಸೆಪ್ಟೆಂಬರ್ ಹನ್ನೊಂದನೆಯ ತಾರೀಖಿನ ನನ್ನ ದಿನಚರಿಯಲ್ಲಿ ಹೀಗೆ ಬರೆದಿದೆ: "ಇಂದು ಬೆಳಿಗ್ಗೆ ಎರಡೂ ಹೊರದೇಶದ ಸೈನ್ಯಗಳು ನಮ್ಮ ಅಂತರ್ಯುದ್ಧದಿಂದ ಸಂಪೂರ್ಣವಾಗಿ ನಿರ್ಗಮಿಸಿದವು. ಮಧ್ಯಾಹ್ನದ ಊಟಕ್ಕೆ ಇಬ್ಬರೂ ಹಾಜರಿದ್ದರು."

ಇದರಲ್ಲಿ ಕೈತಪ್ಪೇನೂ ಇಲ್ಲ. ಬೈರೂತಿನ ಕಾಲೇಜಿನಲ್ಲಿ ಓದುವಾಗಿನಿಂದ ನಾನು ದಿನಚರಿ ಬರೆಯುತ್ತ ಬಂದಿದ್ದೇನೆ, ಆಗಿದ್ದನ್ನು ಆದಂತೆಯೇ ಬರೆಯುವುದು ನನ್ನ ಪದ್ಧತಿ. ಆದದ್ದೇ ಹಾಗೆ.

ನಮ್ಮ ಊರು ಬೈತ್ ಶುಮೈಲ್, ಯೆಮನ್ನಿನ ಉತ್ತರದ ಬೆಟ್ಟಗಳಲ್ಲಿ, ಘಟ್ಟದ ರಸ್ತೆ ಇಳಿಯುವ ಬಾಯಲ್ಲೇ ಕೂತಿದೆ. ಹಿಂದಿನ ವರ್ಷ ರಾಜ್ಯದಲ್ಲಿ ಗಲಭೆಯಾಗಿ ಅರ್ಧ ಜನ ರಾಜನ ಕಡೆ, ಅರ್ಧ ಜನ ಗಣರಾಜ್ಯದ ಕಡೆ ಆದರು. ನಮ್ಮಲ್ಲಿ ಮೇಲಿನ ಕೇರಿ ರಾಜನದು, ಕೆಳಗಿನ ಕೇರಿ ಗಣರಾಜ್ಯದ್ದು. ಬೆಳಿಗ್ಗೆ ಪರಸ್ಪರ ಗುಂಡು ಹಾರಿಸಿ ಸಂಜೆ ಪರಸ್ಪರ ಉಪ್ಪು ಸಾಲ ಕೇಳುತ್ತಿದ್ದರು. ಹೀಗೇ ಬಿಟ್ಟಿದ್ದರೆ ಉಪ್ಪೋ ಗುಂಡೋ ಯಾವುದಾದರೊಂದು ಮುಗಿದು ಯುದ್ಧವೂ ಮುಗಿಯುತ್ತಿತ್ತು. ಅಷ್ಟರಲ್ಲಿ ಗಣರಾಜ್ಯಕ್ಕೆ ಸಹಾಯವೆಂದು ದೊಡ್ಡ ನದಿಯ ದೇಶದಿಂದ ಒಂದು ಸೈನ್ಯ ಬಂತು, ರಾಜನಿಗೆ ಸಹಾಯವೆಂದು ಮರಳಿನ ದೇಶದಿಂದ ಇನ್ನೊಂದು. ಅವರನ್ನು ಅವರ ದೇಶದ ಹೆಸರಿನಿಂದ ಕರೆದವರ ಮನೆಗೆ ರಾತ್ರಿ ವಿಚಾರಣೆಯವರು ಬರುತ್ತಿದ್ದರು. ಆದ್ದರಿಂದ ನಾವೆಲ್ಲ ನದಿಯವರು, ಮರಳಿನವರು ಎಂದೇ ಕರೆದೆವು. ನದಿಯವರ ಮುಖ್ಯಸ್ಥ ಕರ್ನಲ್ ಶೌಕತ್, ನಯವಾದ ಮೀಸೆಯ ಮನುಷ್ಯ. ಮರಳಿನವರ ಮುಖ್ಯಸ್ಥ ಕ್ಯಾಪ್ಟನ್ ದಹಾಮ್, ಕಣಿವೆಯ ಆಚೆ ಡೇರೆ ಹಾಕಿಕೊಂಡಿದ್ದ.

ಇಬ್ಬರನ್ನೂ ಹೊರಡಿಸಲು ಲೋಕದ ದೊಡ್ಡವರು ಸೇರಿ ಒಂದು ಮಧ್ಯಸ್ಥ ಮಂಡಳಿ ಮಾಡಿದರು. ಎಲ್ಲೋ ಸರೋವರದ ದಡದ ಹೋಟೆಲಿನಲ್ಲಿ ಒಪ್ಪಂದವಾಯಿತು. ಅದನ್ನು ಜಾರಿಗೊಳಿಸಲು ನಮ್ಮಲ್ಲಿಗೆ ಬಂದವನು ಮೇಜರ್ ಹೆಲ್ಗೆ, ಹಿಮದ ದೇಶದವನು. ಬಿಸಿಲಿಗೆ ಅವನ ಮೂಗು ಈರುಳ್ಳಿಯಂತೆ ಪದರ ಪದರವಾಗಿ ಸುಲಿಯುತ್ತಿತ್ತು. ಊರಿನಲ್ಲಿ ಅವನಾಡುವ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ದುಭಾಷಿಯ ಕೆಲಸ ನನಗೇ ಬಂತು.

ಒಪ್ಪಂದದ ನಾಲ್ಕನೆಯ ಕಲಮಿನಲ್ಲಿ, ಹೊರಡುವವರೆಗೆ ಈ ಸೈನಿಕರನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಬಂದಿತ್ತಂತೆ. ಆಕ್ರಮಣಕಾರ ಎಂದರೆ ನದಿಯವರಿಗೆ ಸಿಟ್ಟು, ಮಿತ್ರ ಎಂದರೆ ಮರಳಿನವರಿಗೆ ಸಿಟ್ಟು. ಕೊನೆಗೆ "ಅತಿಥಿಗಳು" ಎಂದು ಬರೆದು ಎಲ್ಲರೂ ಕೈಕುಲುಕಿದರು.

ನಾನು ಮೇಜರನಿಗೆ ಹೇಳಿದೆ: "ಇಲ್ಲಿ ಅತಿಥಿ ಅಂದ್ರೆ ಸುಮ್ನೆ ಅಲ್ಲ. ಒಮ್ಮೆ ಅಂದ ಮೇಲೆ ಊರು ಅದನ್ನ ನಡೆಸಿಕೊಡುತ್ತೆ."

"ತುಂಬ ಸಂತೋಷ ಅಮ್ಮಾ. ನಮಗೆ ಬೇಕಾಗಿದ್ದೂ ಸ್ಥಳೀಯರ ಸಹಕಾರವೇ," ಎಂದ ಅವನು.

ಸಹಕಾರ ಸಿಕ್ಕಿತು. ಮೇ ತಿಂಗಳ ಒಂದು ಬೆಳಿಗ್ಗೆ ನದಿಯವರ ಲಾರಿಗಳು ಸಾಲಾಗಿ ನಿಂತು ಗುರುಗುಟ್ಟುತ್ತಿದ್ದವು. ಕಣಿವೆಯ ಆಚೆ ಮರಳಿನವರೂ ಡೇರೆ ಬಿಚ್ಚುತ್ತಿದ್ದರು. ಮೇಜರ್ ಹೆಲ್ಗೆ ದುರ್ಬೀನು ಹಿಡಿದು ನಿಂತಿದ್ದ. ಆಗ ಊರಿನ ಮುಖಂಡನಾದ ನನ್ನ ಅಳಿಯ ಸಿನಾನ್, ಸೊಂಟಕ್ಕೆ ಹಬ್ಬದ ಬಾಗುಗತ್ತಿ ಸಿಕ್ಕಿಸಿಕೊಂಡು ಓಡಿಬಂದು ಮೊದಲನೆಯ ಲಾರಿಯ ಬಾಗಿಲು ಹಿಡಿದ.

"ಏನ್ ಕರ್ನಲ್ ಸಾಹೇಬ್ರೇ, ಹೊತ್ತು ನೆತ್ತಿಗೆ ಬರ್ತಾ ಇದೆ. ಬರಿಹೊಟ್ಟೇಲಿ ಹೊರಟ್ರಾ? ಅದೂ ನನ್ನೂರಿಂದ?"

"ಆಜ್ಞೆ ಆಗಿದೆ ಸಿನಾನ್. ಹೋಗಲೇಬೇಕು."

"ಅತಿಥಿಗೆ ಆಜ್ಞೆ ಮಾಡೋನು ಮನೆ ಯಜಮಾನ! ನಿಮ್ಮಲ್ಲಿ ಒಬ್ಬ ಉಣ್ಣದೆ ಈ ಘಟ್ಟ ಇಳಿದ್ರೂ ನನ್ನ ಹೆಂಡತಿಗೆ ತಲಾಖ್!"

ನಮ್ಮ ಕಡೆಯ ಗಂಡಸರಿಗೆ ಈ ಆಣೆ ಇಡುವ ಚಟವಿದೆ. ಅತಿಥಿ ಎದ್ದ ಕೂಡಲೇ ಹೆಂಡತಿಯನ್ನು ಅಡ್ಡ ಇಡುತ್ತಾರೆ, ಅತಿಥಿ ಕೂತು ಎರಡು ತುತ್ತು ತಿನ್ನುತ್ತಾನೆ, ಎಲ್ಲರ ಮರ್ಯಾದೆಯೂ ಉಳಿಯುತ್ತದೆ. ಆದರೆ ಒಂದು ಲಶ್ಕರಿಗೆ ಹೀಗೆ ಆಣೆ ಇಟ್ಟವರು ಅದುವರೆಗೆ ಯಾರೂ ಇರಲಿಲ್ಲ.

ಸಿನಾನನ ಮನೆಯ ಮೇಲಿನ ಕಿಟಕಿ ಧಡಾರನೆ ತೆರೆಯಿತು. ನನ್ನ ಮಗಳು ಹೂರಿಯಾ.

"ಅಯ್ಯೋ, ಮತ್ತೆ ನಾನೇ ಸಿಕ್ಕಿದ್ನಾ? ಹೋದ ತಿಂಗಳು ಕತ್ತೆ ವೈದ್ಯನಿಗೆ ಇಟ್ಟೆ, ಈಗ ದಂಡಿಗೆ ಇಟ್ಯಾ? ನಿನ್ನ ಬಾಯಿಗೆ ಬೀಗ ಮಾಡೋ ಕಮ್ಮಾರ ಇನ್ನೂ ಹುಟ್ಟಿಲ್ವೇನು?"

"ಬಾಯಿಮಾತಿಗೆ ಅಂದೆ ಕಣೇ!"

"ಬಾಯಿಮಾತಾದ್ರೆ ನಿನ್ನ ಮೀಸೆ ಮೇಲೆ ಆಣೆ ಇಡು. ಹೆಂಡ್ತಿ ಏನು ಅಡವಿಡೋ ತಪ್ಪಲೆಯಾ?"

ಸಿನಾನ್ ಪಕ್ಷಪಾತಿ ಎನಿಸಿಕೊಳ್ಳುವವನಲ್ಲ. ಆ ಕ್ಷಣವೇ ಕತ್ತೆ ಹತ್ತಿ ಕಣಿವೆ ದಾಟಿ ಕ್ಯಾಪ್ಟನ್ ದಹಾಮನಿಗೂ ಅದೇ ಆಣೆ ಇಟ್ಟು ಬಂದ.

ಊರಿನ ಕಾಜಿ ಮುತಹ್ಹರ್ ಅವರನ್ನು ಕೇಳಿದೆವು. ಮುದುಕರು ತಲೆ ಹಿಡಿದುಕೊಂಡು ಕೂತರು. "ಇಂಥ ಆಣೆ ಇಡಬೇಡ್ರೋ ಅಂತ ಪ್ರತಿ ಶುಕ್ರವಾರ ಬಡ್ಕೋತೀನಿ ತಂಗೀ. ಇಟ್ಟ ಮೇಲೆ ಇಟ್ಟ ಹಾಗೇ. ಅವರು ಉಣ್ಣದೆ ಹೋದ್ರೆ ನಿನ್ನ ಮಗಳ ಸಂಸಾರ ಹೋಯ್ತು."

ಕರ್ನಲ್ ಶೌಕತ್ ಲಾರಿಯ ಇಂಜಿನ್ ಆರಿಸಿದ. ಅವನ ಮುಖದಲ್ಲಿ ಕಂಡ ದುಃಖ ಎಂಥದ್ದೆಂದರೆ, ಅದನ್ನು ಮರೆಮಾಡಲು ಅವನು ನಗಬೇಕಾಯಿತು. ಅಂದೇ ತನ್ನ ರಾಜಧಾನಿಗೆ ತಂತಿ ಕಳುಹಿಸಿದ. ಮರುತಂತಿ ಹೀಗಿತ್ತು: "ಒಬ್ಬ ಸೋದರಿಯ ಸಂಸಾರ ಮುರಿದು ನಮ್ಮ ಸೈನ್ಯ ಮನೆ ಸೇರುವುದು ರಾಷ್ಟ್ರದ ಗೌರವಕ್ಕೆ ತಕ್ಕುದಲ್ಲ. ಊಟವಾಗುವವರೆಗೆ ಇರಿ." ಕ್ಯಾಪ್ಟನ್ ದಹಾಮನಿಗೂ ಹೆಚ್ಚು ಕಡಿಮೆ ಇದೇ ತಂತಿ ಬಂತು. ಯಾವ ವಿಷಯದಲ್ಲೂ ಒಂದಾಗದ ಎರಡು ದೇಶಗಳು ನನ್ನ ಮಗಳ ಸಂಸಾರದ ವಿಷಯದಲ್ಲಿ ಒಂದಾದವು. ಮಂಡಳಿ ಇದನ್ನು ತನ್ನ ಮೊದಲನೆಯ ಯಶಸ್ಸೆಂದು ದಾಖಲಿಸಿತು.

"ಊಟ ತಾನೇ? ಹಾಕಿಬಿಡಿ," ಎಂದ ಮೇಜರ್.

ಅವನು ಒಳ್ಳೆಯವನು. ಅವನ ಕಷ್ಟವೇ ಅದು. ಮೊದಲು ಉಂಡವನು ಮೊದಲು ಹೊರಡಬೇಕು. ಮೊದಲು ಹೊರಟವನ ಬೆನ್ನಿಗೆ, ಇನ್ನೂ ಉಣ್ಣುತ್ತಿರುವವನ ಗುಂಡು ಬೀಳದೆಂದು ಏನು ಭರವಸೆ? ಆದ್ದರಿಂದ ಇಬ್ಬರೂ ಒಟ್ಟಿಗೆ ಉಣ್ಣಬೇಕು. ಒಂದೇ ಹರಿವಾಣವೋ ಎರಡೋ? ಒಂದೇ ಆದರೆ ಪರಸ್ಪರ ಮಾನ್ಯತೆ ಕೊಟ್ಟಂತೆ, ಎರಡಾದರೆ ದೇಶ ಒಡೆದಂತೆ. ಇದರ ಮೇಲೆ ಜೂನ್ ಕಳೆಯಿತು. ಸರೋವರದ ದಡದಿಂದ ಹರಿವಾಣ ಉಪಸಮಿತಿ ಬಂತು. ಅದು ಮಾಡಿದ ನಿಯಮಗಳಲ್ಲಿ ಕೆಲವು ನನಗೆ ಈಗಲೂ ಬಾಯಿಗೆ ಬರುತ್ತವೆ:

"ಮಾಂಸದ ತುಂಡುಗಳನ್ನು ಎರಡೂ ಪಕ್ಷಗಳಿಂದ ಸಮಾನ ದೂರದಲ್ಲಿ ಇಡತಕ್ಕದ್ದು. ಮೂಳೆಯನ್ನು ಆಯುಧವೆಂದು ಪರಿಗಣಿಸಲಾಗದು, ಆದರೆ ಎತ್ತಿ ಹಿಡಿಯತಕ್ಕದ್ದಲ್ಲ. ಕುದಿಯುತ್ತಿರುವ ಸಾರನ್ನು ತಣಿಯುವ ಮೊದಲು ಸೈನಿಕ ಉದ್ದೇಶಕ್ಕೆ ಬಳಸತಕ್ಕದ್ದಲ್ಲ."

ಜುಲೈಯಲ್ಲಿ ಒಂದು ಊಟ ನಿಜವಾಗಿಯೂ ನಡೆಯಿತು. ಕೆಳಗಿನ ಕೇರಿಯ ಎತ್ತುಗಳೂ ಮೇಲಿನ ಕೇರಿಯ ಎತ್ತುಗಳೂ ಅದರ ಅಡುಗೆಗೇ ಹೋದವು. ಹೂರಿಯಾ ಮತ್ತು ಊರಿನ ಹೆಂಗಸರೆಲ್ಲ ಬೆಳಗಿನ ಜಾವದಿಂದ ಒಲೆಯ ಮುಂದೆ ಬೆಂದರು. ಮೆಂತ್ಯದ ನೊರೆ ಹಾಕಿದ ಸಾರು ಕಲ್ಲಿನ ಬಟ್ಟಲುಗಳಲ್ಲಿ ಕೊತಕೊತ ಕುದಿಯುತ್ತಿತ್ತು. ಪದರ ರೊಟ್ಟಿಯ ಮೇಲೆ ಜೇನು ಹರಿಯುತ್ತಿತ್ತು. ಕರ್ನಲ್ಲೂ ಕ್ಯಾಪ್ಟನ್ನೂ ಎದುರೆದುರು ಕೂತರು.

"ಬಿಸ್ಮಿಲ್ಲಾ, ನೀವು ಶುರು ಮಾಡಿ ಕ್ಯಾಪ್ಟನ್."

"ಎಲ್ಲಾದ್ರೂ ಉಂಟೇ? ಹಿರಿಯರು ನೀವು."

"ಹಿರಿತನ ಏನ್ ಬಂತು, ಅನ್ನದ ಮುಂದೆ ಎಲ್ರೂ ಒಂದೇ. ನೀವೇ ಕೈ ಹಾಕಿ."

"ನಿಮ್ಮ ಕೈ ಬೀಳೋ ತನಕ ನನ್ನ ಕೈ ಏಳಲ್ಲ ಸಾಹೇಬ್ರೇ."

ಅಷ್ಟು ಸೌಜನ್ಯದ ಊಟವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಸಾರು ಕುದಿಯುವುದನ್ನು ನಿಲ್ಲಿಸಿತು. ಕೊಬ್ಬು ಹೆಪ್ಪುಗಟ್ಟಿತು. ನೊಣಗಳು ಯಾರ ಅಪ್ಪಣೆಯನ್ನೂ ಕಾಯದೆ ಶುರು ಮಾಡಿದವು. ಸಂಜೆ ಕಾಜಿಯವರು ಬಂದು ನೋಡಿ, "ಕೂತದ್ದು ಉಂಡದ್ದಾಗಲ್ಲ," ಎಂದು ತೀರ್ಪು ಕೊಟ್ಟು ಹೋದರು. ಉಂಡೂ ಹೋದ ಕೊಂಡೂ ಹೋದ ಎನ್ನುವುದನ್ನು ಕೇಳಿದ್ದೆವು. ಇವರು ಉಣ್ಣಲೂ ಇಲ್ಲ, ಹೋಗಲೂ ಇಲ್ಲ.

ನಮ್ಮ ಪದ್ಧತಿಯಲ್ಲಿ ಅತಿಥಿ ತನ್ನ ಜೊತೆಗಾರರನ್ನು ಕರೆತರಬಹುದು. ಇದು ತಿಳಿದ ಮೇಲೆ ಎರಡೂ ಕಡೆಯಿಂದ ಜೊತೆಗಾರರು ಬರತೊಡಗಿದರು, ಫಿರಂಗಿ ಸಮೇತ. ನಾನು ಮೇಜರನನ್ನು ಕೇಳಿದೆ: "ಬರೋರನ್ನ ಯಾಕೆ ಎಣಿಸ್ತಾ ಇಲ್ಲ?"

"ನಮಗೆ ಅಧಿಕಾರ ಇರೋದು ಹೋಗೋರನ್ನ ಎಣಿಸೋಕೆ ಮಾತ್ರ ಅಮ್ಮಾ. ಬರೋರನ್ನ ಎಣಿಸೋದು ಹಸ್ತಕ್ಷೇಪ ಆಗುತ್ತೆ." ಸ್ವಲ್ಪ ಯೋಚಿಸಿ ಸೇರಿಸಿದ: "ಆದ್ರೆ ಹೆಚ್ಚು ಜನ ಬಂದಷ್ಟೂ ಮುಂದೆ ಹೋಗೋರ ಸಂಖ್ಯೆ ದೊಡ್ಡದಾಗುತ್ತೆ. ಆ ದೃಷ್ಟಿಯಿಂದ ಆಶಾದಾಯಕ."

ಈ ನಡುವೆ ಯುದ್ಧವೂ ತನ್ನ ಪಾಡಿಗೆ ನಡೆಯುತ್ತಿತ್ತು. ಆಗಸ್ಟಿನ ಮೊದಲ ವಾರ, ಮುಂದಿನ ಊಟಕ್ಕೆಂದು ಸೌದೆ ತರಲು ಹೋದ ನಮ್ಮ ಪಕ್ಕದ ಮನೆಯ ಅತೀಕಾಳ ಗಂಡ ಫಿರಂಗಿಯ ಗುಂಡಿಗೆ ಸಿಕ್ಕಿ ಸತ್ತ. ಯಾವ ಕಡೆಯ ಗುಂಡು ಎಂದು ಬರೆದರೆ ಮಾತುಕತೆಗೆ ಧಕ್ಕೆ. ಮಂಡಳಿ ಅದನ್ನು "ಅಡುಗೆಗೆ ಸಂಬಂಧಿಸಿದ ಅವಘಡ" ಎಂದು ನಮೂದಿಸಿ, ಒಲೆಯ ಹತ್ತಿರ ಎಚ್ಚರವಿರಬೇಕೆಂದು ಊರಿನಲ್ಲಿ ಡಂಗುರ ಹೊಡೆಸಿತು.

ಅತೀಕಾಳ ಮನೆಯಿಂದ ಬಂದ ಸಂಜೆ ಹೂರಿಯಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಳ್ಳುತ್ತಿದ್ದಳು.

"ಅಮ್ಮಾ, ನನ್ನ ಸಂಸಾರ ಉಳಿಸೋಕೆ ಇನ್ನೆಷ್ಟು ಮನೆ ಹೋಗ್ಬೇಕು?"

ನಾನು ಅವಳ ಕೈಗೆ ನೀರು ಹಾಕಿದೆ.

ಅವಳು ಎದ್ದು ಸಿನಾನನನ್ನು ಕರೆದಳು. "ಕಾಜಿಗಳ ಹತ್ರ ಹೋಗೋಣ ನಡಿ. ಷರತ್ತು ಗಿರತ್ತು ಏನೂ ಬೇಡ. ನೆಟ್ಟಗೆ ತಲಾಖ್ ಹೇಳ್ಬಿಡು."

"ಹುಚ್ಚಾ ನಿನಗೆ? ನಾನ್ಯಾಕೆ ಹೇಳ್ಲಿ?"

"ಕತ್ತೆ ವೈದ್ಯನಿಗೋಸ್ಕರ ಹೇಳೋಕೆ ತಯಾರಿದ್ದೆ. ಅತೀಕಾಗೋಸ್ಕರ ಹೇಳೋಕಾಗಲ್ವಾ?"

"ಹೂರಿಯಾ, ನಾನು ಆ ಮಾತು ಮರ್ಯಾದೆಗೆ ಅಂದದ್ದು ಕಣೇ..."

"ಗೊತ್ತು. ಈಗ ನನ್ನ ಮರ್ಯಾದೆಗೆ ಅನ್ನು. ಮುರಿಯೋಕೆ ಸಂಸಾರಾನೇ ಇಲ್ದಿದ್ರೆ ಇವರು ಯಾರನ್ನ ಕಾಯ್ತಾ ಕೂತ್ಕೋತಾರೆ?"

ಕಾಜಿಯವರ ಮುಂದೆ ಸಿನಾನ್ ಒಂದು ಸಲ ಹೇಳಿದ. ಹೇಳುವಾಗ ಅವನ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಕಿವಿ ಮಂದವಾದ ಕಾಜಿಯವರು ಇನ್ನೊಮ್ಮೆ ಹೇಳಿಸಬೇಕೋ ಬೇಡವೋ ಎಂದು ತಡವರಿಸಿ, ಕೊನೆಗೆ ಬೇಡವೆಂದರು. ಹೂರಿಯಾ ಗಂಟು ಕಟ್ಟಿಕೊಂಡು ಓಣಿ ದಾಟಿ ನನ್ನ ಮನೆಗೆ ಬಂದಳು. ನನ್ನ ಮಾಳಿಗೆ ಹತ್ತಿ ಕೂಗಿದಳು:

"ಕರ್ನಲ್ ಸಾಹೇಬ್ರೇ! ಓ ಕ್ಯಾಪ್ಟನ್ನು! ನನ್ನ ಸಂಸಾರ ಮುರೀತು, ನಿಮ್ಮ ಚಿಂತೆ ತೀರ್ತು! ಇನ್ನು ಉಣ್ಣದೇನೇ ಹೋಗಬಹುದು, ಹೊರಡಿ!"

ಕಣಿವೆಯ ಎರಡೂ ಕಡೆ ಗುಂಡು ನಿಂತಿತು. ಫಿರಂಗಿಗಳಿಗೂ ಇಷ್ಟು ಬಾಯಿ ಕಟ್ಟಿದ್ದು ಅದೇ ಮೊದಲು.

ಕರ್ನಲ್ ಶೌಕತನ ಮುಖ ಸುಣ್ಣದಂತಾಯಿತು. ಕ್ಯಾಪ್ಟನ್ ದಹಾಮ್ ಮೊದಲ ಬಾರಿಗೆ ಬಿಳಿ ಬಾವುಟ ಹಿಡಿದು, ಸಮಾಲೋಚನೆಗೆಂದು ಕರ್ನಲ್ಲನ ಡೇರೆಗೆ ಬಂದ. ಮಂಡಳಿಯ ತುರ್ತು ಸಭೆ ಸೇರಿತು. ಅದರ ಪ್ರಕಟಣೆಯನ್ನು ನಾನೇ ಊರ ಭಾಷೆಗೆ ತಂದು ಚಾವಡಿಯಲ್ಲಿ ಓದಿದೆ:

"ಮಾತುಕತೆ ಪ್ರಗತಿಯಲ್ಲಿರುವಾಗ ಶ್ರೀಮತಿ ಹೂರಿಯಾ ಅವರು ಏಕಪಕ್ಷೀಯವಾಗಿ ಯಥಾಸ್ಥಿತಿ ಬದಲಿಸಿರುವುದು ವಿಷಾದನೀಯ. ಸದರಿ ದಂಪತಿಗಳ ನಡುವೆ ಅಂತಃಕಲಹ ತಲೆದೋರಿರುವುದನ್ನು ಮಂಡಳಿ ಗಂಭೀರವಾಗಿ ಗಮನಿಸಿದೆ. ಎಲ್ಲ ಹಿತೈಷಿ ರಾಷ್ಟ್ರಗಳು ಸಂಯಮದಿಂದ ಸಹಕರಿಸತಕ್ಕದ್ದು."

ಹಿತೈಷಿ ರಾಷ್ಟ್ರಗಳು ಕೂಡಲೇ ಸಹಕರಿಸಿದವು. ಮಹಿಳೆಯರ ಪ್ರಗತಿಯಲ್ಲಿ ತಮಗೆ ಅಪಾರ ನಂಬಿಕೆಯಿದೆಯೆಂದು ಘೋಷಿಸಿ ನದಿಯವರು ಹೂರಿಯಾಳ ಕಡೆ ನಿಂತರು. ಕುಟುಂಬದ ಪರಂಪರೆಯಲ್ಲಿ ತಮಗೆ ಅಪಾರ ನಂಬಿಕೆಯಿದೆಯೆಂದು ಘೋಷಿಸಿ ಮರಳಿನವರು ಸಿನಾನನ ಕಡೆ ನಿಂತರು. ನನ್ನ ಮನೆಯ ಅಟ್ಟಕ್ಕೆ ಮರಳಿನ ಚೀಲ, ಮೆಷಿನ್ ಗನ್ನು, ಒಂದು ರೇಡಿಯೋ ಬಂದವು. ಎದುರಿನ ಸಿನಾನನ ಮನೆಗೆ ಚಿನ್ನದ ನಾಣ್ಯದ ಚೀಲ, ಎರಡು ಫಿರಂಗಿ ಬಂದವು. ನಡುವಿನ ಓಣಿಗೆ ಕದನವಿರಾಮದ ಸುಣ್ಣದ ಗೆರೆ ಬಿತ್ತು. ನಾವು ಸುಮಾರು ಮೂವತ್ತು ವರ್ಷ ಹಿಟ್ಟಿನ ಜರಡಿ ಅತ್ತಿಂದಿತ್ತ ಕೊಟ್ಟು ತೆಗೆದುಕೊಂಡ ಓಣಿ ಅದು.

ಈಗ ಅಂತರ್ಯುದ್ಧದಲ್ಲಿ ಇರಬೇಕಾದ ಕಾರಣ ಎರಡೂ ಸೈನ್ಯಗಳಿಗೆ ಉಳಿಯಲಿಲ್ಲ. ಆದ್ದರಿಂದ ಸೆಪ್ಟೆಂಬರ್ ಹನ್ನೊಂದರಂದು ಬೆಳಿಗ್ಗೆ ಅವು ಒಪ್ಪಂದದ ಪ್ರಕಾರ ಘಟ್ಟ ಇಳಿದು ದೇಶದ ಯುದ್ಧದಿಂದ ಪೂರ್ತಿಯಾಗಿ ನಿರ್ಗಮಿಸಿದವು. ಮೇಜರ್ ಹೆಲ್ಗೆ ಒಬ್ಬೊಬ್ಬರನ್ನೂ ಎಣಿಸಿದ. ಅವನ ಕಣ್ಣಲ್ಲಿ ನೀರಿತ್ತು. ಘಟ್ಟದ ಬುಡದಲ್ಲಿ ಲಾರಿಗಳನ್ನು ತಿರುಗಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಅವು ದಂಪತಿಗಳ ಹಿತೈಷಿಗಳಾಗಿ ಮರಳಿ ಬಂದವು. ಹಿತೈಷಿಗಳನ್ನು ಎಣಿಸಲು ಮೇಜರನಿಗೆ ಅಧಿಕಾರವಿರಲಿಲ್ಲ. ಬಂದವರು ಹೊಟ್ಟೆತುಂಬ ಉಂಡರು. ಈಗ ಉಂಡರೆ ಹೋಗಬೇಕಾದ ತೊಂದರೆ ಇರಲಿಲ್ಲ.

ಜಗಳವಾಡಬೇಕಾದವರಿಗೆ ಮಾತ್ರ ಜಗಳ ಬರಲಿಲ್ಲ. ಕತ್ತಲಾದ ಮೇಲೆ ಸಿನಾನ್ ಹಿತ್ತಲಿನ ಗೋಡೆ ಹಾರಿ ಬರುತ್ತಿದ್ದ. ನನಗೆ ಗೊತ್ತಿತ್ತು, ನದಿಯವರ ಕಾವಲುಗಾರರಿಗೂ ಗೊತ್ತಿತ್ತು. ಚಳಿಗಾಲದ ಹೊತ್ತಿಗೆ ಹೂರಿಯಾಳ ಹೊಟ್ಟೆಯಿಂದ ಇಡೀ ಊರಿಗೆ ಗೊತ್ತಾಯಿತು.

ಎರಡೂ ಕಡೆಯಿಂದ ಪ್ರತಿಭಟನಾ ಪತ್ರಗಳು ಬಂದವು: ಗೆರೆಯ ಆಚೀಚೆ ಅನಧಿಕೃತ ಸಂಪರ್ಕ. ಮೇಜರ್ ಟೋಪಿ ಕಂಕುಳಲ್ಲಿಟ್ಟುಕೊಂಡು ವಿಚಾರಣೆಗೆ ಬಂದ.

"ಅಮ್ಮಾ, ದಯವಿಟ್ಟು ಕೇಳಿ. ಸದರಿ ಘಟನೆ ಕದನವಿರಾಮಕ್ಕೆ ಮೊದಲಿನದೋ ಆಮೇಲಿನದೋ?"

ನಾನು ಕೇಳಿದೆ. ಹೂರಿಯಾ ಸೊಪ್ಪು ಬಿಡಿಸುತ್ತಲೇ ಇದ್ದಳು.

"ಆ ಮೂಗು ಸುಲಿದವನಿಗೆ ಹೇಳಮ್ಮಾ, ಕದನ ಇದ್ದಿದ್ದೇ ಅವನ ಕಾಗದದಲ್ಲಿ, ವಿರಾಮಾನೂ ಅಲ್ಲೇ ಹುಡುಕ್ಲಿ ಅಂತ."

ನಾನು ಅದನ್ನು "ತನಿಖೆಗೆ ಸಹಕರಿಸುವುದಾಗಿ ಹೇಳಿದ್ದಾರೆ" ಎಂದು ಭಾಷಾಂತರಿಸಿದೆ.

ಕಾಜಿ ಮುತಹ್ಹರ್ ನನ್ನನ್ನು ಪಕ್ಕಕ್ಕೆ ಕರೆದರು. "ತಂಗೀ, ಹೇಳಿದ್ದು ಒಂದೇ ಸಲ. ತಲಾಖಿನ ಮೂರು ತಿಂಗಳ ಅವಧಿ ಮುಗಿಯೋಕೆ ಮುಂಚೆ ಹುಡುಗ ಗೋಡೆ ಹಾರಿದಾನೆ. ಆಗಲೇ ವಾಪಸ್ ಕರ್ಕೊಂಡ ಹಾಗಾಯ್ತು. ಅವರು ಗಂಡ ಹೆಂಡತೀನೇ. ಆದ್ರೆ ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡ, ನನ್ನ ಮನೆಗೂ ಸೂರಿದೆ."

ಮುದುಕರು ಹೆದರಿದ್ದು ಸರಿ. ಕರ್ನಲ್ ಮತ್ತು ಕ್ಯಾಪ್ಟನ್ ಇಬ್ಬರೂ ಅದೇ ವಾರ ಬೇರೆ ಬೇರೆಯಾಗಿ ನನ್ನ ಮನೆಗೆ ಬಂದು, ನಶೆಯ ಖಾತ್ ಎಲೆ ಅಗಿಯುತ್ತ, ಒಂದೇ ಮಾತು ಹೇಳಿದ್ದರು: ದಂಪತಿ ಬಹಿರಂಗವಾಗಿ ರಾಜಿಯಾದರೆ ಅದನ್ನು ಎದುರು ಪಕ್ಷದ ವಿಜಯವೆಂದು ಭಾವಿಸಿ ಓಣಿಯ ಮೇಲೆ ಫಿರಂಗಿ ಹಾರಿಸಬೇಕಾಗುತ್ತದೆ. "ನಮಗೆ ಇಷ್ಟ ಇಲ್ಲ ಅಮ್ಮಾ," ಎಂದ ಕರ್ನಲ್. "ಆದ್ರೆ ಶಾಂತಿ ಅಂದ ಮೇಲೆ ಕೆಲವು ಜವಾಬ್ದಾರಿ ಇರ್ತವೆ."

ಹಾಗಾಗಿ ಹೂರಿಯಾ ಮತ್ತು ಸಿನಾನ್ ಪ್ರತಿದಿನ ಇಳಿಹೊತ್ತಿನ ಅಸರ್ ನಮಾಜಾದ ಮೇಲೆ, ಮಂಡಳಿಯ ವೀಕ್ಷಕರ ಜೀಪು ಬರುವ ಹೊತ್ತಿಗೆ, ತಮ್ಮ ತಮ್ಮ ಕಿಟಕಿಯಲ್ಲಿ ನಿಂತು ಜಗಳವಾಡತೊಡಗಿದರು.

"ಏ ಮೊಂಡು ಕತ್ತಿ! ಹಬ್ಬಕ್ಕೆ ಸೊಂಟಕ್ಕೆ ಸಿಕ್ಕಿಸಿದ್ರೆ ಸಾಕಾ, ಒಂದು ಈರುಳ್ಳಿನಾದ್ರೂ ಹೆಚ್ಚಿದ್ಯಾ ಅದ್ರಲ್ಲಿ?"

"ನಿನ್ನ ನಾಲಿಗೆ ಇರುವಾಗ ಕತ್ತಿ ಯಾಕೆ ಬೇಕಿತ್ತು ಮನೇಲಿ!"

"ನಿಮ್ಮಮ್ಮ ನಿನ್ನ ತೊಟ್ಟಿಲಲ್ಲಿ ಇಡೋ ಬದ್ಲು ಮೊಸರು ಗಡಿಗೇಲಿ ಇಟ್ಟಿದ್ಲು, ಅದಕ್ಕೇ ಹೀಗೆ ಹುಳಿ ಆಗಿದೀಯ!"

ಮೇಜರ್ ಕೆಳಗೆ ನಿಂತು, "ಪರಿಸ್ಥಿತಿ ಉದ್ವಿಗ್ನ, ಆದರೆ ಸ್ಥಿರ" ಎಂದು ಬರೆದುಕೊಂಡು ಹೋಗುತ್ತಿದ್ದ. ಊರಿನವರು ಖಾತ್ ಕಟ್ಟುಗಳನ್ನು ಹಿಡಿದು ಓಣಿಯ ಎರಡೂ ಬದಿಗೆ ಕೂರತೊಡಗಿದರು. ಮೊದಮೊದಲು ಹೂರಿಯಾ ಬೈಗುಳ ಮುಗಿಸಿ ಕಿಟಕಿ ಮುಚ್ಚಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಮಗು ಹುಟ್ಟಿತು, ಹೆಣ್ಣು. ಜಗಳ ನಿಲ್ಲಿಸುವಂತಿರಲಿಲ್ಲ. ಎರಡನೆಯ ವರ್ಷ ಮೊಸರಿನ ಗಡಿಗೆಯಂಥ ಹಳೆಯ ಬೈಗುಳಕ್ಕೆ ಜನ ಆಕಳಿಸಿದರು, ಜೀಪಿನವರು ವರದಿಯಲ್ಲಿ "ಉದ್ವೇಗ ತಗ್ಗಿದೆ" ಎಂದು ಬರೆದರು. ಅದೇ ರಾತ್ರಿ ಓಣಿಯ ತುದಿಗೆ ಎರಡು ಗುಂಡು ಬಿದ್ದವು. ಮರುದಿನದಿಂದ ಇಬ್ಬರೂ ಹೊಸ ಬೈಗುಳ ಹುಡುಕಿಕೊಂಡು ಬಂದರು. ನಿಜವಾದದ್ದನ್ನು ಹುಡುಕುವುದು ಸುಲಭ. ಮದುವೆಯಾದ ಹೊಸತರಲ್ಲಿ ಸತ್ತುಹೋದ ಅವಳ ಮೊದಲ ಕೂಸಿನ ಮಾತನ್ನು ಸಿನಾನ್ ಎತ್ತಿದ. ಅವಳು ಅವನ ಅಪ್ಪ ಯಾರಿಗೆ ಹೆದರಿ ಓಡಿದ್ದನೆಂಬುದನ್ನು ಎಲ್ಲರೆದುರು ಹೇಳಿದಳು. ಅಂದು ಮೇಜರ್ ತೃಪ್ತಿಯಿಂದ ಹೋದ. ಅಂದು ಯಾರೂ ಗೋಡೆ ಹಾರಲಿಲ್ಲ.

೧೯೬೭ರಲ್ಲಿ ಎರಡೂ ಸೈನ್ಯಗಳಿಗೆ ಬೇರೆಲ್ಲೋ ಹೆಚ್ಚು ತುರ್ತಿನ ಕೆಲಸ ಬಂದು, ಯಾರ ಮಧ್ಯಸ್ಥಿಕೆಯೂ ಇಲ್ಲದೆ, ಯಾರಿಗೂ ಹೇಳದೆ ಹೊರಟುಹೋದವು. ಮಂಡಳಿ ಬೈತ್ ಶುಮೈಲಿನ ಕಾರ್ಯಕ್ರಮವನ್ನು ಮಾದರಿ ಯಶಸ್ಸೆಂದು ಘೋಷಿಸಿ ಚಾವಡಿಯ ಗೋಡೆಗೆ ಹಿತ್ತಾಳೆಯ ಫಲಕ ಹೊಡೆಸಿತು. ಊರಿನವರು ಅದಕ್ಕೆ ವರ್ಷಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ಯಾರನ್ನು ಕೇಳಿದರೂ, ಆ ಮಧ್ಯಸ್ಥಿಕೆ ಇಲ್ಲದಿದ್ದರೆ ಊರೇ ಉಳಿಯುತ್ತಿರಲಿಲ್ಲ ಎನ್ನುತ್ತಾರೆ. ಅಲ್ಲವೆಂದು ನಾನೂ ವಾದಿಸುವುದಿಲ್ಲ.

ತಗುಲಿದ ವೆಚ್ಚ ಇಷ್ಟು: ಎರಡೂ ಕೇರಿಗಳ ಉಳುವ ಎತ್ತುಗಳೆಲ್ಲ. ಬಾವಿಯ ಮೇಲಿನ ಮೆಟ್ಟಿಲು ಗದ್ದೆಗಳು, ಅಲ್ಲಿ ಈಗ ಏನೂ ಬೆಳೆಯುವುದಿಲ್ಲ. ನನ್ನ ಮನೆಯ ಮೇಲಿನ ಎರಡು ಮಹಡಿ. ಅತೀಕಾಳ ಗಂಡ, ಅವನ ನಂತರ ಇನ್ನೂ ಆರು ಮಂದಿ, ಎಲ್ಲರೂ ಅಡುಗೆಗೆ ಸಂಬಂಧಿಸಿದ ಅವಘಡದಲ್ಲಿ. ಹೂರಿಯಾ ಮತ್ತು ಸಿನಾನ್ ಈಗ ಒಂದೇ ಮನೆಯಲ್ಲಿದ್ದಾರೆ, ಅವಳು ಮೇಲಿನ ಮಹಡಿಯಲ್ಲಿ, ಅವನು ಕೆಳಗಿನದರಲ್ಲಿ. ಏನಾದರೂ ಹೇಳುವುದಿದ್ದರೆ ಮಗಳ ಮೂಲಕ ಹೇಳಿಕಳಿಸುತ್ತಾರೆ.